ಸಲಾಯಿನ್ ಪಟ್ಟಿ

೩ ಮಾರ್ಚ್, ಸೋಮವಾರ

ಇವತ್ತು ಪ್ರಾಚಿ ಮೇಡಂ ಜೀವಕೋಶದ ಪಾಠ ಶುರು ಮಾಡಿದರು. ಬೋರ್ಡಿನ ಮೇಲೆ ಮೊಟ್ಟೆಯಂಥ ಗೆರೆ ಎಳೆದು, "ಇದನ್ನು ಒಂದು ಕಾರ್ಖಾನೆ ಅಂತ ತಿಳಿದುಕೊಳ್ಳಿ" ಅಂದರು. ನಡುವಿನ ಗುಂಡು ಕೋಶಕೇಂದ್ರ, ಅದು ಮ್ಯಾನೇಜರ್. ಮೈಟೊಕಾಂಡ್ರಿಯ ಕರೆಂಟಿನ ಮನೆ. ರೈಬೊಸೋಮುಗಳು ಕೂಲಿಗಳು. ಸುತ್ತಲಿನ ಪೊರೆ ಗೇಟಿನ ವಾಚ್‌ಮನ್.

ಮೈ ಉರಿಯಿತು. ಕಣ್ಣಿಗೆ ಕಾಣದ ಜೀವದೊಳಗೂ ಒಬ್ಬ ಮ್ಯಾನೇಜರನನ್ನು ಕೂರಿಸಿದ್ದಾರೆ! ಕಾರ್ಮಿಕ ಸಂಘಟನೆಯ ಶಿಬಿರದಲ್ಲಿ ನಾನು ಕಲಿತ ಮೊದಲ ಪಾಠವೇ ಇದು: ಯಾರಾದರೂ "ಇದು ಪ್ರಕೃತಿ ನಿಯಮ" ಅಂದರೆ, ಮೊದಲು ಅವರ ಜೇಬು ನೋಡು. ಎದ್ದು ನಿಂತು ಮರಾಠಿಯಲ್ಲೇ ಕೇಳಿದೆ: "ಮ್ಯಾನೇಜರ್ ಇಲ್ಲದೆ ದುಡಿಯುವ ಕೋಶ ಒಂದೂ ಇಲ್ಲವಾ ಮೇಡಂ?" ಕ್ಲಾಸು ನಕ್ಕಿತು. ಮೇಡಂ ನಗಲಿಲ್ಲ. "ಇದೆ. ನಿನ್ನ ರಕ್ತದ ಕೆಂಪು ಕಣ. ಕೆಲಸಕ್ಕೆ ಇಳಿಯುವ ಮುಂಚೆ ಕೋಶಕೇಂದ್ರವನ್ನು ಹೊರಗೆ ದಬ್ಬಿಬಿಡುತ್ತದೆ."

ನನ್ನ ಬಾಯಿ ಮುಚ್ಚಿಸಲು ಹೇಳಿದರೋ ಏನೋ ಅಂತ ಪುಸ್ತಕ ತೆಗೆದು ನೋಡಿದೆ. ನಿಜವೇ ಇದೆ. ಆದರೂ ಈ ಮೇಡಂ ಮೇಲೆ ಒಂದು ಕಣ್ಣಿಟ್ಟಿರಬೇಕು. ಇಷ್ಟು ಬೇಗ ನನ್ನಂಥವಳಿಗೆ ಇಷ್ಟವಾಗುವ ಉತ್ತರ ಕೊಡುವವರನ್ನು ನಂಬಬಾರದು.

ಪುಣೆಯ ಧನಕವಡಿಯ ಕಾಲೇಜಿನಿಂದ ನಡೆದು ಕಟ್ಟಡ ಕೂಲಿಗಳ ಶೆಡ್ಡಿಗೆ ಬಂದರೆ ಅವ್ವ ಕೈ ಮೇಲೆ ಮತ್ತೆ ಬಿಳಿ ಪಟ್ಟಿ ಹಚ್ಚಿಕೊಂಡು ಕೂತಿದ್ದಾಳೆ.

"ಮತ್ತ ಸಲಾಯಿನ್ ಹಚ್ಚಿಸ್ಕೊಂಡ್ಯಾ?"

"ಅಶಕ್ತಿ ಆಗಿತ್ತು ಯವ್ವಾ. ಡಾಕ್ಟರು ಒಂದು ಬಾಟ್ಲಿ ಏರ್ಸಿದ್ರು. ಈಗ ಹಗುರ ಅದ."

ಅವಳ ಪಾದ ನೋಡಿದೆ. ಹಗುರವೇನಿಲ್ಲ. ಚಪ್ಪಲಿಯ ಪಟ್ಟೆ ಚರ್ಮದೊಳಗೆ ಮುಳುಗಿತ್ತು.

೬ ಮಾರ್ಚ್, ಗುರುವಾರ

ಪೊರೆ ಅಂದರೆ ಎರಡು ಪದರ ಕೊಬ್ಬು. ಅದರಲ್ಲಿ ನೀರು ದಾಟುತ್ತದೆ, ಉಪ್ಪು ಸುಮ್ಮನೆ ದಾಟುವುದಿಲ್ಲ. ಕೆಂಪು ಕಣವನ್ನು ಬರೀ ನೀರಿಗೆ ಹಾಕಿದರೆ ನೀರು ಒಳಗೆ ನುಗ್ಗಿ, ಕಣ ಉಬ್ಬಿ ಒಡೆಯುತ್ತದೆ. ಉಪ್ಪು ಹೆಚ್ಚಾದರೆ ಒಳಗಿನ ನೀರು ಸೋರಿ ಕಣ ಸುಕ್ಕಾಗುತ್ತದೆ. ಉಪ್ಪು ಹದವಾಗಿದ್ದರೆ ಮಾತ್ರ ಇದ್ದಂತೆ ಇರುತ್ತದೆ.

ಪಾಠ ಕೇಳುತ್ತಿದ್ದಂತೆ ಅವ್ವನ ಕೈಯ ಪಟ್ಟಿ ನೆನಪಾಯಿತು. ಅವ್ವನ ರಕ್ತಕ್ಕೆ ಹೋಗುವ ಆ ಬಾಟಲಿಯಲ್ಲಿ ಏನಿದೆ? ಯಾರು ನೋಡಿದ್ದಾರೆ?

ಅವ್ವನಿಗೆ ಸಲಾಯಿನ್ ಏರಿಸುವ ಈ ನಿಜಲಿಂಗಪ್ಪ ಯಾವ ಡಾಕ್ಟರ್? ಅಫಜಲಪುರದ ಕಡೆಯವನು, ಯಾವುದೋ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದ ಅಂತ ಕೇಳಿದ್ದೇನೆ. ಇಲ್ಲಿ ಬಂದು ನಮ್ಮ ಶೆಡ್ಡುಗಳ ಬಾಯಲ್ಲೇ ತಗಡಿನ ಕೋಣೆ ಹಾಕಿ ಡಾಕ್ಟರ್ ಆದ. ಕನ್ನಡ ಮಾತಾಡುತ್ತಾನೆ ಅನ್ನುವುದೊಂದೇ ಅವನ ಪದವಿ. ಅಷ್ಟಕ್ಕೇ ನಮ್ಮ ಜನ ತೋಳು ಚಾಚುತ್ತಾರೆ. ಹೊರಗಿನವನು ಲೂಟಿ ಮಾಡಿದರೆ ಶೋಷಣೆ, ನಮ್ಮವನು ಮಾಡಿದರೆ ಉಪಕಾರ!

ಸಂಜೆ ತಲೆನೋವಿನ ನೆವ ಹೇಳಿ ಒಳಗೆ ಹೋದೆ. ಬೆಂಚುಗಳ ಮೇಲೆ ಹೆಂಗಸರು ಸಾಲಾಗಿ ಮಲಗಿದ್ದರು. ಗೋಡೆಯ ಮೊಳೆಗಳಿಗೆ ಬಾಟಲಿ. ಫ್ಯಾನು ತಿರುಗುತ್ತಿತ್ತು. ಒಬ್ಬಳು ಗೊರಕೆ ಹೊಡೆಯುತ್ತಿದ್ದಳು.

"ಇಷ್ಟು ಮಂದಿಗೂ ಒಂದೇ ಔಷಧ ಏನ್ರಿ?" ಅಂದೆ.

"ರೋಗ ಒಂದೇ ಇದ್ರ ಔಷಧ ಒಂದೇ ತಂಗಿ."

"ಯಾವ ರೋಗ?"

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ನೀ ಅವ್ವಮ್ಮನ ಮಗಳಲ್ಲಾ? ಓದ್ಲಾಕ ಹತ್ತೀಯಂತ. ಓದು, ಓದು. ಗೊತ್ತಾಗ್ತದ."

ಕಳ್ಳ. ಕಣ್ಣು ನೋಡಿದರೆ ತಿಳಿಯುತ್ತದೆ. ಖಾಲಿ ಬಾಟಲಿಗಳನ್ನು ಮೂಲೆಯಲ್ಲಿ ಜೋಡಿಸಿಟ್ಟಿದ್ದಾನೆ. ಯಾಕೆ ಎಸೆಯುವುದಿಲ್ಲ? ಹೊರಗೆ ಬೋರ್‌ವೆಲ್ ಇದೆ, ಒಳಗೆ ಖಾಲಿ ಬಾಟಲಿಗಳಿವೆ. ಇನ್ನೇನು ಬೇಕು ಇಂಥವನಿಗೆ.

೯ ಮಾರ್ಚ್, ಭಾನುವಾರ

ಶೆಡ್ಡು ಶೆಡ್ಡಿಗೆ ಹೋಗಿ ಕೇಳಿದೆ. ಯಾವಾಗ ಹಚ್ಚಿಸಿಕೊಂಡೆ? ಬಾಟಲಿಯ ಸೀಲು ಒಡೆಯುವುದನ್ನು ನೋಡಿದೆಯಾ? ಚಳಿ ಬಂತಾ? ಮೂತ್ರ ಕೆಂಪಾಗಿ ಬಂತಾ? ಯಾರೂ ನೆಟ್ಟಗೆ ಉತ್ತರ ಕೊಡುವುದಿಲ್ಲ. ಇಷ್ಟು ವರ್ಷ ಸಂಘಟನೆ ಇವರ ನಡುವೆ ದುಡಿದದ್ದು ಬರೀ ಬೂದಿಯಲ್ಲಿ ಮಾಡಿದ ಹೋಮ. ಯಾರಾದರೂ ಸೂಜಿ ಹಿಡಿದು ಬಂದರೆ ಸಾಕು, ದೇವರು ಬಂದಂತೆ ಕೈ ಮುಗಿಯುತ್ತಾರೆ.

ಕಾಂಕ್ರೀಟ್ ಮಿಕ್ಸರ್ ನಡೆಸುವವನ ಹೆಂಡತಿ ಮುಕ್ತಾಳ ಕೈ ಹಿಡಿದು ಪಟ್ಟಿ ಎತ್ತಿ ನೋಡಲು ಹೋದೆ. ಕೈ ಕಿತ್ತುಕೊಂಡಳು.

"ಬಿಡು! ನೀನೂ ಮುಕಾದಮನಂಗ ಪಟ್ಟಿ ಎತ್ತಿ ನೋಡ್ತೀ ಏನು?"

"ಮುಕಾದಮ ಯಾಕ ನೋಡ್ತಾನ?"

"ಅಂವನ್ನ ಕೇಳು. ಸೈಟಿಗಿ ಬಂದು ಎಷ್ಟು ವರ್ಷ ಆತು ನೀ? ಕಾಲೇಜಿನ ನೆರಳಾಗ ಕುಂತು ಮರ್ತೀ."

ಉಳಿದವರು ಸೆರಗು ಬಾಯಿಗಿಟ್ಟು ನಕ್ಕರು. ಈ ಮುಕ್ತಾಳ ಮೇಲೂ ನನಗೆ ಅನುಮಾನ. ಸೈಟಿನ ಕೂಲಿಗಳ ಮೇಸ್ತ್ರಿ, ಮುಕಾದಮ ದೇವಾನಂದನ ಜೊತೆ ಚಹಾ ಕುಡಿಯುವವಳು ಇವಳೊಬ್ಬಳೇ. ನಿಜಲಿಂಗಪ್ಪನಿಗೆ ಗಿರಾಕಿ ಹಿಡಿದು ತರುವವಳೂ ಇವಳೇ ಇರಬೇಕು.

೧೨ ಮಾರ್ಚ್, ಬುಧವಾರ

ಸಿಕ್ಕಿತು. ಅವ್ವನಿಗೆ ಸೂಜಿ ಬಿಚ್ಚುವ ಹೊತ್ತಿಗೆ ಸರಿಯಾಗಿ ಹೋಗಿ, ಬಾಟಲಿಯ ತಳದಲ್ಲಿ ಉಳಿದದ್ದನ್ನು ತೊಳೆದಿಟ್ಟ ಔಷಧಿ ಶೀಶೆಗೆ ಬಗ್ಗಿಸಿಕೊಂಡೆ. ನಿಜಲಿಂಗಪ್ಪ ಇನ್ನೊಬ್ಬಳ ನರ ಹುಡುಕುತ್ತಿದ್ದ. ನೋಡಿದನೋ ಇಲ್ಲವೋ ಗೊತ್ತಿಲ್ಲ. ನೋಡಿಯೂ ಸುಮ್ಮನಿದ್ದ ಅನ್ನಿಸುತ್ತದೆ. ಯಾಕೆ ಸುಮ್ಮನಿದ್ದ?

೧೩ ಮಾರ್ಚ್, ಗುರುವಾರ

ಪ್ರಾಕ್ಟಿಕಲ್ ಮುಗಿದ ಮೇಲೆ ಲ್ಯಾಬಿನಲ್ಲೇ ಉಳಿದೆ. ಮೂರು ಗಾಜಿನ ಸ್ಲೈಡು. ಒಂದರ ಮೇಲೆ ಬಟ್ಟಿ ಇಳಿಸಿದ ನೀರು, ಒಂದರ ಮೇಲೆ ಉಪ್ಪು ಹೆಚ್ಚು ಕದಡಿದ ನೀರು, ಮೂರನೆಯದರ ಮೇಲೆ ನಿಜಲಿಂಗಪ್ಪನ ಬಾಟಲಿಯದು. ಬೆರಳು ಚುಚ್ಚಿಕೊಂಡು ಮೂರಕ್ಕೂ ನನ್ನದೇ ರಕ್ತ ಹಾಕಿದೆ. ಬೇರೆ ಯಾರ ರಕ್ತವನ್ನೂ ನಂಬುವ ಹಾಗಿರಲಿಲ್ಲ.

ನೀರಿನದರಲ್ಲಿ ಏನೂ ಉಳಿದಿರಲಿಲ್ಲ. ಬಣ್ಣ ಕಳೆದುಕೊಂಡ ಸಿಪ್ಪೆಗಳು ತೇಲುತ್ತಿದ್ದವು. ಉಪ್ಪಿನದರಲ್ಲಿ ಎಲ್ಲವೂ ಮುಳ್ಳುಮುಳ್ಳಾಗಿ ಮುದುಡಿದ್ದವು. ಮೂರನೆಯದನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟೆ. ಒಡೆದಿರಬೇಕು, ಒಡೆದೇ ಇರಬೇಕು ಅಂತ ಬಗ್ಗಿ ನೋಡಿದೆ.

ಒಂದೂ ಒಡೆದಿರಲಿಲ್ಲ. ಗುಂಡಗೆ, ನಡುವೆ ತಗ್ಗು ಬಿದ್ದ ರೊಟ್ಟಿಯಂತೆ, ಒಂದರ ಮಗ್ಗುಲಲ್ಲಿ ಒಂದು ಆರಾಮಾಗಿ ತೇಲುತ್ತಿದ್ದವು.

"ಏನು ಹುಡುಕುತ್ತಿದ್ದೀಯಾ?" ಹಿಂದೆ ಪ್ರಾಚಿ ಮೇಡಂ.

ಸುಳ್ಳು ಹೇಳಬೇಕೆಂದಿದ್ದೆ. ಆದರೆ ಸೋತ ಸಿಟ್ಟಿನಲ್ಲಿ ಎಲ್ಲ ಹೊರಗೆ ಬಂತು. ಕೇಳಿ, ಅವರೂ ಬಗ್ಗಿ ನೋಡಿದರು. "ಅಸಲಿ ಸಲಾಯಿನೇ. ಉಪ್ಪಿನ ಹದ ಸರಿಯಾಗಿದೆ" ಅಂದರು. "ಹೇಗೆ ನಂಬಲಿ?" ಅಂದೆ. "ನನ್ನನ್ನು ನಂಬಬೇಡ. ನೀನೇ ನೋಡಿದೆಯಲ್ಲ."

ಆಮೇಲೆ ಕೇಳಿದರು: "ತಾಯಿಯ ಕಾಲು ಬಾತಿದೆ ಅಂದೆಯಲ್ಲ, ಎಷ್ಟು ದಿನದಿಂದ? ಈ ನೀರು ಕೋಶದ ಒಳಗೆ ನುಗ್ಗುವುದಿಲ್ಲ, ಹೊರಗೇ ನಿಲ್ಲುತ್ತದೆ. ಅದನ್ನು ಕಿಡ್ನಿ ಹೊರಗೆ ಹಾಕಬೇಕು. ಹಾಕಲಾಗದಿದ್ದರೆ?"

ಉತ್ತರ ನನಗೆ ಗೊತ್ತಿತ್ತು. ಕಾಲಿಗೆ ಇಳಿಯುತ್ತದೆ. ಆಮೇಲೆ ಎದೆಗೆ ಏರುತ್ತದೆ.

ಬಾಟಲಿ ಖೋಟಾ ಆಗಿದ್ದರೆ ಅವನನ್ನು ಪೊಲೀಸರಿಗೆ ಹಿಡಿದು ಕೊಡಬಹುದಿತ್ತು. ಅಸಲಿ ಬಾಟಲಿಯನ್ನು ಯಾರಿಗೆ ಹಿಡಿದು ಕೊಡಲಿ?

೧೭ ಮಾರ್ಚ್, ಸೋಮವಾರ

ಅವ್ವನನ್ನು ಬೈದು ಎಳೆದುಕೊಂಡು ಸರ್ಕಾರಿ ಆಸ್ಪತ್ರೆಗೆ ಹೋದೆ. ಅಲ್ಲಿನ ಡಾಕ್ಟರು ಕಾಲಿನ ಮೇಲೆ ಹೆಬ್ಬೆರಳು ಒತ್ತಿದರು. ತಗ್ಗು ಬಿತ್ತು. ಬೆರಳು ತೆಗೆದ ಮೇಲೂ ತಗ್ಗು ಹಾಗೇ ಉಳಿಯಿತು. ರಕ್ತ, ಮೂತ್ರ ಎಲ್ಲ ನೋಡಿ ಹೇಳಿದರು: ಕಿಡ್ನಿ ಸೋತಿವೆ. ಉಪ್ಪು ಕಡಿಮೆ ಮಾಡಬೇಕು, ಭಾರ ಹೊರಬಾರದು, ವಿಶ್ರಾಂತಿ ಬೇಕು. ಸಲಾಯಿನ್ ಮಾತ್ರ ಇನ್ನು ಹಚ್ಚಿಸಲೇಬಾರದು, ಉಸಿರು ಕಟ್ಟಿ ಹೋಗುತ್ತಾಳೆ.

ನಾನು ಕನ್ನಡದಲ್ಲಿ ಹೇಳಿದೆ. ಅವ್ವ ತಲೆ ಅಲ್ಲಾಡಿಸಿದಳು.

ಸ್ವಾರಗೇಟಿನಲ್ಲಿ ಬಸ್ಸಿಗೆ ಕಾಯುವಾಗ ಅಂದಳು: "ಉಪ್ಪು ಬಿಡ್ತೀನಿ. ಸಲಾಯಿನ್ ಬಿಡಂಗಿಲ್ಲ."

"ಸಾಯ್ತಿ ಅಂತ ಹೇಳ್ಯಾರ, ಕೇಳಿಲ್ಲೇನು?"

"ಕೇಳೀನಿ."

"ಮತ್ತ?"

"ನಿಂಗ ತಿಳಿಯಂಗಿಲ್ಲ ಬಿಡು."

ಬಸ್‌ಸ್ಟ್ಯಾಂಡಿನ ಜನರೆಲ್ಲ ತಿರುಗಿ ನೋಡುವ ಹಾಗೆ ಕೂಗಾಡಿದೆ. ಮೂಢಳು ಅಂದೆ. ಆ ಕಳ್ಳ ನಿನಗೆ ಮದ್ದು ಹಾಕಿದ್ದಾನೆ ಅಂದೆ. ಅವ್ವ ಬಸ್ಸಿನ ಬೋರ್ಡು ಓದಲು ಬಾರದಿದ್ದರೂ ಅದನ್ನೇ ನೋಡುತ್ತ ನಿಂತಳು.

ಬಾಟಲಿಯಲ್ಲಿ ಅಮಲು ಏನಾದರೂ ಬೆರೆಸುತ್ತಾನಾ? ಅದನ್ನು ಹೇಗೆ ಪರೀಕ್ಷಿಸುವುದು ಅಂತ ನನಗೆ ಗೊತ್ತಿಲ್ಲ.

೨೦ ಮಾರ್ಚ್, ಗುರುವಾರ

ಕ್ಲಾಸು ಬಿಟ್ಟು ಅವ್ವನ ಬೆನ್ನು ಹತ್ತಿ ಸೈಟಿಗೆ ಹೋದೆ. ಇಟ್ಟಿಗೆ ಅಟ್ಟಿಯ ಹಿಂದೆ ನಿಂತು ನೋಡಿದ್ದನ್ನು ಹಾಗೇ ಬರೆಯುತ್ತೇನೆ.

ಮಧ್ಯಾಹ್ನದ ಬಿಸಿಲು. ಒಬ್ಬ ಹೆಂಗಸು ಬುಟ್ಟಿ ಇಳಿಸಿ ಗೋಡೆಗೆ ಒರಗಿದಳು. ದೇವಾನಂದ ದೂರದಿಂದಲೇ ಒದರಿದ.

"ಏ! ಯಾಕ ಕುಂತೀ?"

"ತಲಿ ಸುತ್ತಾಕ ಹತ್ಯದ ಅಣ್ಣಾ."

"ಪಟ್ಟಿ ಎಲ್ಲದ?"

"ಇಲ್ಲ."

"ಪಟ್ಟಿ ಇಲ್ಲಂದ್ರ ಜಡ್ಡೂ ಇಲ್ಲ. ಎತ್ತು ಬುಟ್ಟಿ!"

ಎತ್ತಿದಳು. ಸ್ವಲ್ಪ ಹೊತ್ತಿಗೆ ಅವ್ವ ಅವನ ಮುಂದೆ ಹೋಗಿ ಕೈ ಚಾಚಿದಳು. ನಿನ್ನೆ ನನಗೆ ತಿಳಿಯದ ಹಾಗೆ ಮತ್ತೆ ಹಚ್ಚಿಸಿಕೊಂಡಿದ್ದಾಳೆ. ದೇವಾನಂದ ಪಟ್ಟಿಯ ಅಂಚು ಎತ್ತಿ, ಸೂಜಿಯ ಗುರುತಿನ ಮೇಲೆ ಹೆಬ್ಬೆರಳು ಒತ್ತಿದ. ಅವ್ವನ ಮುಖ ಕಿವುಚಿತು. "ಹ್ಞಾಂ, ಖರೇ ಅದ. ಹೋಗು, ಇವತ್ತು ಬುಟ್ಟಿ ಬ್ಯಾಡ, ನೀರು ಹೊಡಿ ಗ್ವಾಡಿಗಿ" ಅಂದ. ಅವ್ವ ನೀರಿನ ಪೈಪು ಹಿಡಿದು ನೆರಳಿಗೆ ಹೋದಳು.

ಸರ್ಕಾರಿ ಡಾಕ್ಟರೂ ಹೆಬ್ಬೆರಳನ್ನೇ ಒತ್ತಿದ್ದರು. ಆ ತಗ್ಗು ಇವನಿಗೆ ರಜೆಯ ಕಾರಣವಲ್ಲ. ಸೂಜಿಯ ಗುರುತೇ ಬೇಕು.

ಪಟ್ಟಿಯೇ ರಜೆಯ ಚೀಟಿ. ಬೆಂಚಿನ ಮೇಲೆ ಬಾಟಲಿ ಇಳಿಯುವ ತನಕದ ನಿದ್ದೆ, ಮರುದಿನ ನೆರಳಿನ ಕೆಲಸ. ಇಷ್ಟಕ್ಕಾಗಿ ನರ ಚುಚ್ಚಿಸಿಕೊಳ್ಳುತ್ತಾರೆ. ನಿಜಲಿಂಗಪ್ಪ ಔಷಧ ಮಾರುವುದಿಲ್ಲ, ನಿದ್ದೆ ಮಾರುತ್ತಾನೆ. ಮೂಢರು ಅಂದೆನಲ್ಲ ಇವರನ್ನು, ಇಡೀ ಪುಣೆಯಲ್ಲಿ ನಮ್ಮ ಹೆಂಗಸರಿಗೆ ಬೇರೆಲ್ಲಿ ಸಿಗುತ್ತದೆ ಮಲಗುವ ಹಕ್ಕು?

೨೧ ಮಾರ್ಚ್, ಶುಕ್ರವಾರ

ಏನೂ ಓದಲಿಲ್ಲ. ಅವ್ವನ ಜೊತೆ ಮಾತಿಲ್ಲ. ರೊಟ್ಟಿ ನಾನೇ ಬಡಿದೆ, ಉಪ್ಪು ಹಾಕದೆ. ಇಬ್ಬರೂ ತಿಂದೆವು.

೨೩ ಮಾರ್ಚ್, ಭಾನುವಾರ

ನಿಜಲಿಂಗಪ್ಪನ ಎದುರಿಗೆ ಕೂತು ನೆಟ್ಟಗೆ ಹೇಳಿದೆ. ನೀನು ಡಾಕ್ಟರಲ್ಲ, ದೂರು ಕೊಡುತ್ತೇನೆ, ಅಂಗಡಿ ಮುಚ್ಚಿಸುತ್ತೇನೆ.

"ಕೊಡು" ಅಂದ. "ನಾ ಹೋದ್ರ ಇನ್ನೊಬ್ಬ ಬರ್ತಾನ. ಅಂವ ಬೋರಿನ ನೀರೇ ಹಾಕ್ತಾನ. ಆವಾಗ ನಿನ್ನ ಶೀಶೆ ತಗೊಂಡು ಬಾ."

ನೋಡಿದ್ದ! ಆವತ್ತು ನೋಡಿಯೇ ಸುಮ್ಮನಿದ್ದ.

"ನಿಂಗ ನಾಚ್ಗಿ ಬರಂಗಿಲ್ಲೇನು?"

"ಬರ್ತದ. ಅದಕ್ಕ ಫ್ಯಾನು ಹಾಕ್ಸೀನಿ" ಅಂದು ನಕ್ಕ. ನಾನು ನಗಲಿಲ್ಲ. ಅವನು ಲಾಭಕೋರನೇ. ಇವರ ದಣಿವಿನಿಂದಲೇ ಅವನ ಒಲೆ ಉರಿಯುತ್ತದೆ. ಆದರೆ ಇವತ್ತು ನಾನು ಕೇಳಲು ಹೋದದ್ದು ಬೇರೆ. ಅವ್ವನ ಆಸ್ಪತ್ರೆಯ ಚೀಟಿ ತೋರಿಸಿದೆ. ಓದಿದ, ಮೋರೆ ಇಳಿಯಿತು. "ನಂಗ ಹೇಳಿದ್ದಿಲ್ಲ ಆಕಿ. ಕಾಲು ಸೆರಗಿನ್ಯಾಗ ಮುಚ್ಕೊಂಡು ಮಲಗ್ತಿದ್ಳು."

"ಇನ್ಮ್ಯಾಲ ಸೂಜಿ ಚುಚ್ಚು, ಪಟ್ಟಿ ಹಚ್ಚು. ನೀರು ಬಿಡಬ್ಯಾಡ."

"ಕೊಳವಿ ಮ್ಯಾಲಿನ ಗಾಲಿ ತಿರುವಿ ಬಂದ್ ಮಾಡಿದ್ರ ಆತು. ಆದ್ರ ಅದು ಮೋಸ ಆಗ್ತದಲ್ಲ ತಂಗಿ?" ಅಂದ. ಬೇಕಂತಲೇ ಅಂದ.

ಸಂಜೆ ಅವ್ವ ಬಂದು ಮಲಗಿದಳು. ಬಾಟಲಿ ನೇತು ಹಾಕಿದ, ಗಾಲಿ ಬಿಗಿಯಾಗಿ ತಿರುವಿದ. ಅವನನ್ನು ಹೇಗೆ ನಂಬುವುದು? ಸ್ಟೂಲು ಎಳೆದುಕೊಂಡು ಆ ಹನಿಯ ಕೊಳವೆಯನ್ನೇ ನೋಡುತ್ತ ಕೂತೆ. ಒಂದು ಹನಿ ಕೆಳಗೆ ಬೀಳಬಾರದು.

ಬೀಳಲಿಲ್ಲ. ಅವ್ವ ಬಾಯಿ ತೆರೆದು ನಿದ್ದೆ ಹೋದಳು. ಅವಳ ಮೇಲಿನ ಒಂದು ಹಲ್ಲು ಯಾವಾಗ ಬಿದ್ದಿದೆಯೋ ನನಗೆ ಗೊತ್ತೇ ಇರಲಿಲ್ಲ. ಬಾಗಿಲಲ್ಲಿ ಯಾರೋ ಜೋರಾಗಿ ಮಾತಾಡಿದರೆ ನಾನೇ ಎದ್ದು ಹೋಗಿ ಗದರಿಸಿ ಬಂದೆ.

೨೬ ಮಾರ್ಚ್, ಬುಧವಾರ

ಸುದ್ದಿ ಹಬ್ಬಿದೆ. ಮುಕ್ತಾ ಬಂದು ಕೇಳಿದಳು: "ನಂಗೂ ಬರೇ ಚುಚ್ಸಿ ಮಲಗ್ಸು."

"ಚುಚ್ಚೋದಾದ್ರೂ ಯಾಕ ಬೇಕು? ಮೈಯಾಗ ತೂತು ಮಾಡ್ಕೊಂಡು ಸುಸ್ತಾಗೀನಿ ಅಂತ ತೋರ್ಸಬೇಕೇನು? ಎಲ್ಲಾರೂ ಕೂಡಿ ಕೇಳೂಣು. ಊಟ ಆದ ಮ್ಯಾಲ ಬಿಸಿಲು ಇಳಿಯೂ ತನಕ ಒಂದು ನಿದ್ದಿ. ಸಂಘಟನೆ ಬರ್ತದ."

"ನಿನ್ನ ಸಂಘಟನಿ ಬಂದು ಘೋಷಣಾ ಕೂಗಿ ಹೋಗ್ತದ. ಮರುದಿವ್ಸ ಬುಟ್ಟಿ ಹೊರಾವ್ರು ಯಾರು?"

ಇದಕ್ಕೆ ಶಿಬಿರದಲ್ಲಿ ಕಲಿತ ಉತ್ತರಗಳಿದ್ದವು. ಅವನ್ನು ಪಕ್ಕಕ್ಕಿಟ್ಟೆ. "ಸ್ಲ್ಯಾಬ್ ಹಾಕೂ ದಿವ್ಸ ಕೇಳಿದ್ರ ಅವ್ರಿಗಿ ಬ್ಯಾರೆ ದಾರಿ ಇರಂಗಿಲ್ಲ" ಅಂದೆ. ಕಾಂಕ್ರೀಟು ಗಾಡಿಯಲ್ಲಿ ಬಂದು ನಿಂತರೆ ಗಟ್ಟಿಯಾಗುತ್ತದೆ, ಹೆಂಗಸರು ಕಾಯುವ ಹಾಗೆ ಅದು ಮುಕಾದಮನಿಗೆ ಕಾಯುವುದಿಲ್ಲ. ಮುಕ್ತಾ ಹುಬ್ಬೇರಿಸಿದಳು. "ಅದು ಮಾತು. ಎಲ್ಲಿ ಕಲ್ತಿ?" "ನಾನೂ ಹೊತ್ತೀನಲ್ಲ."

ಸೂಜಿ ಇಲ್ಲದೆ ಬರೀ ಪಟ್ಟಿ ಹಚ್ಚಿಕೊಂಡು ಎಲ್ಲರೂ ಹೋಗುವುದು, ಅವನು ಎತ್ತಿ ನೋಡಲು ಬಂದಾಗ ನಾನು ಮುಂದೆ ಬಂದು ಬೇಡಿಕೆ ಇಡುವುದು ಅಂತ ನಿರ್ಧಾರ.

ಸಂಜೆ ನೋಡಿದರೆ ಮುಕ್ತಾ ಚಹಾದಂಗಡಿಯಲ್ಲಿ ದೇವಾನಂದನ ಜೊತೆ ನಗುತ್ತಿದ್ದಾಳೆ. ಮಾರಿದಳು. ನಮ್ಮನ್ನೆಲ್ಲ ಒಂದು ಗ್ಲಾಸು ಚಹಾಕ್ಕೆ ಮಾರಿದಳು.

೧ ಏಪ್ರಿಲ್, ಮಂಗಳವಾರ

ನಾಳೆ ಸ್ಲ್ಯಾಬ್. ಔಷಧಿ ಅಂಗಡಿಯಿಂದ ಪಟ್ಟಿಯ ಸುರುಳಿ ತಂದು ಶೆಡ್ಡಿನಲ್ಲಿ ಕೂತು ಎಲ್ಲರ ಕೈಗೆ ಹಚ್ಚಿದೆ. ಮುಕ್ತಾ ಕೂಡ ಬಂದು ಕೈ ಕೊಟ್ಟಳು. ಒಂದು ಕ್ಷಣ ಹಚ್ಚಲೋ ಬೇಡವೋ ಅನ್ನಿಸಿತು. ಹಚ್ಚಿದೆ. ಅವಳ ಕೈ ಬಿಸಿ ಇತ್ತು, ಜ್ವರ ಇದ್ದಂತೆ. ಇವಳಿಗೂ ಜಡ್ಡೋ, ಭಯವೋ, ಮೋಸವೋ?

ಭಾಷಣ ಬರೆದುಕೊಂಡಿದ್ದೇನೆ. ಸಂವಿಧಾನ, ಕಾರ್ಮಿಕ ಕಾಯ್ದೆ, ಎಲ್ಲ ಇದೆ. ಪ್ರಾಚಿ ಮೇಡಂಗೂ ಹೇಳಿದೆ. ಹೇಳಬಾರದಿತ್ತೇನೋ. "ಬರಲಾ?" ಅಂದರು. ಬೇಡ ಅಂದೆ.

೨ ಏಪ್ರಿಲ್, ಬುಧವಾರ

ಊಟವಾದ ಮೇಲೆ ಒಬ್ಬರೂ ಏಳಲಿಲ್ಲ. ಕಾಂಕ್ರೀಟ್ ಗಾಡಿ ಗೇಟಿನ ಒಳಗೆ ನಿಂತು ಹೊಟ್ಟೆ ತಿರುಗಿಸುತ್ತಿತ್ತು. ದೇವಾನಂದ ಓಡಿ ಬಂದ. ಸಾಲಾಗಿ ಪಟ್ಟಿ ಹಚ್ಚಿದ ಕೈಗಳು.

"ಎಲ್ಲಾರ್ಗೂ ಒಮ್ಮೆಲೇ ಜಡ್ಡೇನ? ಏನ್ ಜಾತ್ರಿ ಇದು?"

ಅವನಿಗೆ ಮೊದಲೇ ಗೊತ್ತಿರಲಿಲ್ಲ. ಮುಖ ನೋಡಿದರೆ ತಿಳಿಯಿತು. ಯಾರೂ ಹೇಳಿರಲಿಲ್ಲ.

ನಾನು ಕಾಗದ ಬಿಚ್ಚಿ ಮುಂದೆ ಬರುವಷ್ಟರಲ್ಲಿ ಅವನು ಮೊದಲು ಅವ್ವನ ಕೈ ಹಿಡಿದ. ಹೆಬ್ಬೆರಳು ಎತ್ತಿದ. ಅವ್ವ ಅವನ ಕೈ ಸರಿಸಿದಳು. ತಾನೇ ಪಟ್ಟಿಯ ಅಂಚು ಹಿಡಿದು ಸರ್ರನೆ ಕಿತ್ತಳು. ರೋಮ ಕಿತ್ತು ಬಂದವು. ಕೈ ಚಾಚಿದಳು.

"ನೋಡು. ಏನಿಲ್ಲ."

"ಮತ್ತ ಯಾಕ ಕುಂತೀ?"

"ದಣದೀನಿ."

"ಜಡ್ಡು ಏನದ ಹೇಳು."

"ಜಡ್ಡಿಲ್ಲೋ ತಮ್ಮಾ. ದಣದೀನಿ. ಅಷ್ಟ."

ದೇವಾನಂದ ಆ ಬರಿಗೈಯನ್ನೇ ಬಗ್ಗಿ ನೋಡಿದ. ಸೂಜಿಯ ಗುರುತನ್ನು ಅವನು ಅಳೆಯಬಲ್ಲ. ಈ ಮಾತನ್ನು ಎಲ್ಲಿ ಒತ್ತಿ ನೋಡುವುದು? ಎರಡನೆಯವಳು ಮುಕ್ತಾ. ಕಿತ್ತು ಅವನ ಅಂಗಿಗೇ ಅಂಟಿಸಿದಳು. "ತಗೋ, ನೀನೂ ಸ್ವಲ್ಪ ಮಲಗು." ಆಮೇಲೆ ಒಬ್ಬೊಬ್ಬರೇ ಕಿತ್ತರು. ಆ ಸದ್ದು ಈಗಲೂ ಕಿವಿಯಲ್ಲಿದೆ.

ಇಂಜಿನಿಯರ್ ಕೆಳಗಿಳಿದು ಬಂದ. ಗಾಡಿ ನೋಡಿದ, ಗಡಿಯಾರ ನೋಡಿದ, ನಮ್ಮನ್ನು ನೋಡಿದ. ಇವತ್ತು ಸ್ಲ್ಯಾಬ್ ಮುಗಿಸಿಕೊಡಿ, ನಾಳೆಯಿಂದ ಊಟದ ಮೇಲೆ ಬಿಸಿಲು ಇಳಿಯುವ ತನಕ ಮಲಗಿ, ಪಟ್ಟಿ ಯಾರೂ ನೋಡುವುದಿಲ್ಲ ಅಂದ. ಅವ್ವಮ್ಮನಿಗೆ ಇನ್ನು ಬುಟ್ಟಿ ಇಲ್ಲ, ನೀರು ಹೊಡೆಯುವುದಷ್ಟೇ ಅಂತ ಬರೆದು ಕೊಡು ಅಂದೆ. ಬಾಯಿಮಾತು ಸಾಕು ಅಂದ. ಸಾಲದು ಅಂದೆ. ಬರೆದ.

ಇಂಜಿನಿಯರನನ್ನು ನಾನು ನಂಬುವುದಿಲ್ಲ. ಸ್ಲ್ಯಾಬ್ ಒಣಗಿದ ಮೇಲೆ ಅವನ ಮಾತೂ ಒಣಗಬಹುದು. ಸಂಘಟನೆಯವರಿಗೆ ಸೈಟಿಗೆ ಬರಲು ಹೇಳಿದ್ದೇನೆ, ಘೋಷಣೆ ಕೂಗಲಲ್ಲ, ದಿನಾ ಊಟದ ಹೊತ್ತಿಗೆ ಬಂದು ಕೂರಲು.

ಭಾಷಣದ ಕಾಗದ ಎಲ್ಲಿ ಬಿತ್ತೋ ಗೊತ್ತಿಲ್ಲ.

೭ ಏಪ್ರಿಲ್, ಸೋಮವಾರ

ಕ್ಲಾಸು ಮುಗಿಸಿ ಸೈಟಿಗೆ ಹೋದೆ. ಕೆಳಗಿನ ಪಾರ್ಕಿಂಗಿನ ತಂಪಿನಲ್ಲಿ ಸಿಮೆಂಟ್ ಚೀಲ ಹಾಸಿಕೊಂಡು ಎಲ್ಲರೂ ಮಲಗಿದ್ದರು. ಅವ್ವ ಕಾಲನ್ನು ಇಟ್ಟಿಗೆಯ ಮೇಲೆ ಎತ್ತಿಟ್ಟು, ಸೆರಗು ಮುಚ್ಚದೆ ಮಲಗಿದ್ದಳು. ಅವಳ ತಲೆಯ ಹತ್ತಿರ ಕೂತೆ.

ಹೊಸದಾಗಿ ಬಂದ ಸೂಪರ್‌ವೈಸರ್ ಒಬ್ಬ ಅತ್ತ ಹಾಯುತ್ತ ನಿಂತ. ಅವ್ವನ ಕಡೆ ಬೆರಳು ಮಾಡಿ ಮರಾಠಿಯಲ್ಲಿ ಕೇಳಿದ, "ಈಕೆಗೆ ಏನಾಗಿದೆ?"

ಆಸ್ಪತ್ರೆಯ ಚೀಟಿ ನನ್ನ ಚೀಲದಲ್ಲಿತ್ತು. ತೆಗೆಯಲಿಲ್ಲ.

"ಏನೂ ಆಗಿಲ್ಲ" ಅಂದೆ. "ಮಲಗಿದ್ದಾಳೆ. ಮೆಲ್ಲಗೆ ಮಾತಾಡಿ."